ಮುಯ್ಯಿ ಪುಸ್ತಕದ ಪಕ್ಕದಲ್ಲಿ ಇಡುವ ಅತಿಥಿ ಪುಸ್ತಕ: ಕೈಯಿಂದ ಕಟ್ಟುವ, ಕಾಪಾಡುವ ವಿಧಾನ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಯಾವ ಮದುವೆ ಛತ್ರಕ್ಕೆ ಹೋದರೂ ಒಂದು ಮೇಜು, ಅದರ ಮೇಲೊಂದು ಲಾಂಗ್ ಬುಕ್, ಅದರ ಹಿಂದೆ ಮನೆಯವರು ನಂಬುವ ಇಬ್ಬರು ಕೂತಿರುತ್ತಾರೆ. ಅದು ಮುಯ್ಯಿ ಪುಸ್ತಕ. ಹೆಸರು, ಊರು, ಮೊತ್ತ, ಅಷ್ಟೇ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಆ ಪುಸ್ತಕ ಎಷ್ಟೋ ಮನೆಗಳ ಟ್ರಂಕಿನಲ್ಲಿ ಒಂದು ತಲೆಮಾರು ಕಳೆದರೂ ಉಳಿದಿರುತ್ತದೆ. ಎದುರು ಮನೆಯವರಲ್ಲಿ ಮದುವೆ ಬಂದಾಗ ಅದನ್ನು ತೆಗೆದು ನೋಡಲೇಬೇಕಲ್ಲ! ಈಚೆಗೆ ಅದರ ಪಕ್ಕದಲ್ಲಿ ಇಡುವ ಅಂದದ ಅತಿಥಿ ಪುಸ್ತಕಕ್ಕೆ ಮಾತ್ರ ಆ ಭಾಗ್ಯವಿಲ್ಲ. ನಾಲ್ಕೇ ವರ್ಷಕ್ಕೆ ಎಲೆ ಕಳಚುತ್ತದೆ, ಶಾಯಿ ಮಾಸುತ್ತದೆ, ಒಳಗೆ ನೋಡಿದರೆ ಪುಟದ ತುಂಬ ‘ನೂರು ಕಾಲ ಬಾಳಿ’ ಎಂಬ ಒಂದೇ ಸಾಲು, ಕೆಳಗೆ ಓದಲಾಗದ ಸಹಿ.

ಬಾಳುವ ಪುಸ್ತಕಕ್ಕೆ ಎರಡೂ ಬೇಕು: ಗಟ್ಟಿಯಾದ ಕಟ್ಟು, ಮತ್ತೆ ತೆರೆಯಬೇಕೆನಿಸುವ ಬರಹ. ಇಲ್ಲಿ ಹೇಳುವುದು 28 ಸೆಂ.ಮೀ. ಎತ್ತರ, 19 ಸೆಂ.ಮೀ. ಅಗಲದ, 128 ಪುಟಗಳ ಒಂದು ಪುಸ್ತಕದ ಲೆಕ್ಕ. ಗೃಹಪ್ರವೇಶ, ಷಷ್ಟಿಪೂರ್ತಿ, ನಾಮಕರಣಕ್ಕೂ ಇದೇ ಕ್ರಮ. ಪುಟ ಕಡಿಮೆ ಮಾಡಿಕೊಂಡರೆ ಸಾಕು. ಮದುವೆಗೆ ಕನಿಷ್ಠ ಒಂದು ತಿಂಗಳ ಮುಂಚೆ ಕೈ ಹಾಕಿ. ಹೊಲಿಗೆಗೆ ಒಂದು ದಿನ ಸಾಕು, ಆದರೆ ಒಣಗುವುದಕ್ಕೆ ಆತುರ ಮಾಡುವ ಹಾಗಿಲ್ಲ. ಆಷಾಢದಲ್ಲಿ ಶುಭಕಾರ್ಯವಿಲ್ಲದ ಬಿಡುವಿನಲ್ಲಿ ಕಟ್ಟಿಟ್ಟುಕೊಂಡರೆ ಶ್ರಾವಣದ ಲಗ್ನಕ್ಕೆ ಸಿದ್ಧವಾಗಿರುತ್ತದೆ.

ಕಾಗದ

ಮೊದಲ ಖರ್ಚು ಕಾಗದದ ಮೇಲಿರಲಿ. ರಟ್ಟಿನ ಮೇಲಿನ ಅಲಂಕಾರ ಆಮೇಲೆ. ಮಾಮೂಲಿ ಮರದ ತಿರುಳಿನ ಅಗ್ಗದ ಕಾಗದದಲ್ಲಿ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದಂತೆ ಅದು ಹಳದಿಗೆ ತಿರುಗಿ, ಆಮ್ಲವಾಗಿ, ಎಳೆಗಳನ್ನು ಕತ್ತರಿಸುತ್ತ ಹೋಗುತ್ತದೆ. ಹಳೆಯ ದಿನಪತ್ರಿಕೆ ಮಡಿಚಿದಲ್ಲೇ ಮುರಿಯುವುದು ಇದರಿಂದ. ಹತ್ತಿ ಚಿಂದಿಯಿಂದ ಮಾಡಿದ, ಆಮ್ಲರಹಿತವೆಂದು ನಮೂದಿಸಿದ, 140ರಿಂದ 150 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆಂಬ ಲೆಕ್ಕ) ತೂಕದ ಕಾಗದ ಕೇಳಿ. ತುಮಕೂರು, ಕೋಲಾರದ ಸ್ಟೇಷನರಿ ಅಂಗಡಿಗಳಲ್ಲಿ ಸಿಗದಿದ್ದರೆ ಬೆಂಗಳೂರಿನ ಅವೆನ್ಯೂ ರಸ್ತೆ, ಚಿಕ್ಕಪೇಟೆ ಕಡೆಯ ಕಾಗದದ ಮಂಡಿಗಳಲ್ಲಿ ವಿಚಾರಿಸಬಹುದು.

ಹೂವಿನ ದಳ, ಹುಲ್ಲಿನ ಎಳೆ ಸೇರಿಸಿದ ಕೈಕಾಗದ ನೋಡಲು ಚೆಂದ. ಆದರೂ ಅತಿಥಿ ಪುಸ್ತಕಕ್ಕೆ ಬೇಡ. ದಳಗಳು ಕಂದಾಗಿ ಸುತ್ತಲೂ ಕಲೆ ಹರಡುತ್ತವೆ, ಪೆನ್ನಿನ ಮೊನೆ ಅದಕ್ಕೆ ಸಿಕ್ಕಿ ಅಕ್ಷರ ಒಡೆಯುತ್ತದೆ. ಅರವತ್ತು ದಾಟಿದವರು ನಡುಗುವ ಕೈಯಲ್ಲಿ ಬರೆಯುವ ಪುಟ ನುಣುಪಾಗಿರಬೇಕು.

ಕೊಳ್ಳುವ ಮುನ್ನ ಒಂದು ತುಂಡಿನ ಮೇಲೆ ಎರಡು ಪರೀಕ್ಷೆ ಮಾಡಿ. ಒಂದು ಹನಿ ನೀರು ಬಿಡಿ. ಅದು ಒಂದು ನಿಮಿಷವಾದರೂ ಗುಂಡಗೆ ನಿಂತರೆ ಕಾಗದಕ್ಕೆ ಗಂಜಿ ಚೆನ್ನಾಗಿ ಕೊಟ್ಟಿದ್ದಾರೆ. ತಕ್ಷಣ ಹೀರಿಕೊಂಡರೆ ಶಾಯಿಯೂ ಹಾಗೆಯೇ ಹರಡುತ್ತದೆ. ಎರಡನೆಯದು ನಾರಿನ ದಿಕ್ಕು. ಯಂತ್ರದ ಕಾಗದದಲ್ಲಿ ನಾರುಗಳು ಒಂದೇ ಕಡೆಗೆ ಮಲಗಿರುತ್ತವೆ. ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿ; ಯಾವ ಮಡಿಕೆಗೆ ಸುಲಭವಾಗಿ ಬಗ್ಗುತ್ತದೋ ಆ ಮಡಿಕೆಯ ಉದ್ದಕ್ಕೆ ನಾರು ಇದೆ. ನಾರು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿರಲೇಬೇಕು. ಅಡ್ಡವಾದರೆ ಎಲೆ ಮಲಗದೆ ಸೆಟೆದು ನಿಲ್ಲುತ್ತದೆ, ಅಂಟಿನ ತೇವಕ್ಕೆ ಅಂಚು ಅಲೆಅಲೆಯಾಗುತ್ತದೆ. ಅಪ್ಪಟ ಕೈಕಾಗದದಲ್ಲಿ ಈ ಚಿಂತೆ ಇಲ್ಲವೆನ್ನುವಷ್ಟು ಕಡಿಮೆ.

56×76 ಸೆಂ.ಮೀ. ಅಳತೆಯ ಪೂರ್ಣ ಹಾಳೆ ಹತ್ತು ತನ್ನಿ. ಒಂದು ಹಾಳೆಯನ್ನು ನಾಲ್ಕು ಮಾಡಿದರೆ 28×38 ಸೆಂ.ಮೀ. ತುಂಡು, ಅದನ್ನು ನಡುವೆ ಮಡಿಚಿದರೆ 28×19. ನಾಲ್ಕು ಮಡಿಕೆ ಒಂದರೊಳಗೊಂದು ಸೇರಿಸಿದರೆ 16 ಪುಟದ ಒಂದು ಸೆಕ್ಷನ್. ಹೀಗೆ ಎಂಟು ಹಾಳೆಗೆ ಎಂಟು ಸೆಕ್ಷನ್, 128 ಪುಟ. ಒಂಬತ್ತನೆಯ ಹಾಳೆಯ ಅರ್ಧದಲ್ಲಿ ಮುಂದೆ ಹಿಂದೆ ಒಂದೊಂದು ಎಂಡ್ ಪೇಪರ್, ಅಂದರೆ ಪುಸ್ತಕವನ್ನು ರಟ್ಟಿಗೆ ಕೂಡಿಸುವ ಮಡಿಚಿದ ಹಾಳೆ. ಉಳಿದರ್ಧ ಗಾರ್ಡ್ ಪಟ್ಟಿಗಳಿಗೆ. ಅದರ ಕೆಲಸ ಮುಂದೆ ಹೇಳುತ್ತೇವೆ. ಹತ್ತನೆಯದು ಕೈತಪ್ಪಿಗೆ, ಪೆನ್ನಿನ ಪರೀಕ್ಷೆಗೆ.

ಹಾಳೆಯನ್ನು ಬ್ಲೇಡಿನಿಂದ ಕತ್ತರಿಸುವುದಕ್ಕಿಂತ, ಮಡಿಚಿ, ಗೆರೆಯ ಮೇಲೆ ಒದ್ದೆ ಕುಂಚ ಒಮ್ಮೆ ಎಳೆದು, ಸ್ಕೇಲು ಒತ್ತಿ ಹಿಡಿದು ಹರಿದರೆ ಅಂಚು ಹತ್ತಿಯ ಹಾಗೆ ಮೆದುವಾಗಿ ಬರುತ್ತದೆ. ಮಡಿಕೆಯನ್ನು ಉಗುರಿನಿಂದ ತೀಡಬೇಡಿ, ಹೊಳಪಿನ ಗೆರೆ ಉಳಿಯುತ್ತದೆ. ಮೇಲೊಂದು ತೆಳು ಕಾಗದ ಇಟ್ಟು, ಸ್ಟೀಲ್ ಚಮಚದ ಬೆನ್ನಿನಿಂದ ನಡುವಿನಿಂದ ಎರಡೂ ತುದಿಗೆ ಒತ್ತಿ.

ಗಾರ್ಡ್ ಪಟ್ಟಿ ಯಾಕೆ? ಎಡಗಡೆ ಪುಟದಲ್ಲಿ ಆಮೇಲೆ ಫೋಟೋ ಅಂಟಿಸುತ್ತೀರಿ. ಒಂದೊಂದು ಫೋಟೋಗೂ ಪುಸ್ತಕ ಮುಂಭಾಗದಲ್ಲಿ ದಪ್ಪವಾಗುತ್ತದೆ, ಬೆನ್ನು ಮಾತ್ರ ಮೊದಲಿದ್ದಷ್ಟೇ. ಕೊನೆಗೆ ರಟ್ಟು ಬಾಯಿ ತೆರೆದು ನಿಂತು ಬೆನ್ನಿನ ಹೊಲಿಗೆ ಎಳೆಯುತ್ತದೆ. ಚೆನ್ನಾಗಿ ಕಟ್ಟಿದ ಪುಸ್ತಕಗಳೂ ಕೆಡುವುದು ಇಲ್ಲೇ. ಇದಕ್ಕೆ 28×4.75 ಸೆಂ.ಮೀ. ಪಟ್ಟಿಗಳನ್ನು ಕತ್ತರಿಸಿ, ಉದ್ದಕ್ಕೆ ನಡುವೆ ಮಡಿಚಿ, ಪ್ರತಿ ಸೆಕ್ಷನ್ನಿನ ಒಳಗೆ ಎರಡು ಸೇರಿಸಿ: ಒಂದು ಹೊರಗಿನ ಎರಡು ಮಡಿಕೆಗಳ ನಡುವೆ, ಇನ್ನೊಂದು ಒಳಗಿನ ಎರಡರ ನಡುವೆ. ಒಂಬತ್ತನೆಯ ಹಾಳೆಯ ಅರ್ಧದಲ್ಲಿ ಸರಿಯಾಗಿ 16 ಪಟ್ಟಿ ಬರುತ್ತವೆ. ಒಂದು ಪಟ್ಟಿ ಎರಡು ಫೋಟೋಗೆ ಜಾಗ ಕೊಡುತ್ತದೆ. ಒಟ್ಟು 32 ಫೋಟೋ. ಅದಕ್ಕಿಂತ ಹೆಚ್ಚು ಅಂಟಿಸಬೇಡಿ, ಬೇರೆ ಆಲ್ಬಂ ಮಾಡಿಕೊಳ್ಳಿ.

ಹೊಲಿಗೆ

ಸ್ಪೈರಲ್ ತಂತಿ ತುಕ್ಕು ಹಿಡಿಯುತ್ತದೆ. ಬೆನ್ನಿಗೆ ಬರೀ ಅಂಟು ಬಳಿದ ಪುಸ್ತಕವನ್ನು ನಾಲ್ಕು ಸಲ ಅಗಲಿಸಿದರೆ ಎಲೆ ಕೈಗೆ ಬರುತ್ತದೆ. ಪಕ್ಕದಿಂದ ಚುಚ್ಚಿ ಹೊಲಿದದ್ದು ಗಟ್ಟಿಯೇ, ಆದರೆ ಪೂರ್ತಿ ತೆರೆಯುವುದಿಲ್ಲ. ನಿಂತು ಬರೆಯುವವರು ಒಂದು ಕೈಯಲ್ಲಿ ಒತ್ತಿ ಹಿಡಿಯಬೇಕು. ಹಾಗಾಗಿ ಸೆಕ್ಷನ್ ಹೊಲಿಗೆಯೇ ಆಗಬೇಕು. ಕಟ್ಟಲು ನಿಮಗೆ ಬಿಡುವಿಲ್ಲದಿದ್ದರೆ ಊರಿನ ಪ್ರೆಸ್ಸಿನ ಬೈಂಡರ್ ಹತ್ತಿರ ಹೋಗಿ, ಕಚೇರಿ ರಿಜಿಸ್ಟರ್ ಕಟ್ಟುವವರಿಗೆ ಈ ಕೈಚಳಕ ಗೊತ್ತಿರುತ್ತದೆ. ‘ಸೆಕ್ಷನ್ ಹೊಲಿಗೆ ಹಾಕಿ, ಸೈಡ್ ಹೊಲಿಗೆ ಬೇಡ, ಅಂಚು ಕಟಿಂಗ್ ಮಷೀನಿಗೆ ಕೊಡಬೇಡಿ’ ಎಂದು ಮೊದಲೇ ಹೇಳಿ.

ದಾರಕ್ಕೆ ನಾರಗಸೆಯ ಲಿನನ್ ನೂಲು, 18/3 ನಂಬರಿನದು, ಒಳ್ಳೆಯದು. ಸಿಗದಿದ್ದರೆ ಹುರಿ ಮಾಡಿದ ಗಟ್ಟಿ ಹತ್ತಿ ದಾರವಾದೀತು. ನೈಲಾನ್ ಬೇಡವೇ ಬೇಡ. ಅದು ಹರಿಯುವುದಿಲ್ಲ, ಕಾಗದವನ್ನು ಹರಿಯುತ್ತದೆ. ಕಾಗದಕ್ಕಿಂತ ದಾರ ಗಡುಸಾಗಿರಬಾರದು ಎಂಬುದು ಇಲ್ಲಿನ ನಿಯಮ. ಜೇನುಮೇಣದ ಉಂಡೆಯ ಮೇಲೆ ದಾರವನ್ನು ಎರಡು ಸಲ ಎಳೆದುಕೊಳ್ಳಿ, ಆಗ ಸಿಕ್ಕಾಗುವುದಿಲ್ಲ, ಗಂಟು ಜಾರುವುದಿಲ್ಲ.

ಬೆನ್ನಿಗೆ ಆಧಾರವಾಗಿ 12 ಮಿ.ಮೀ. ಅಗಲದ ಹತ್ತಿಯ ಲಾಡಿ ಮೂರು ಬೇಕು, ಪೈಜಾಮಕ್ಕೆ ಹಾಕುವಂಥದ್ದೇ, ಹೊಸದು, ಬಿಳಿಯದು. ಒಂದೊಂದು 10 ಸೆಂ.ಮೀ. ಉದ್ದ.

ಗಟ್ಟಿ ಕಾಗದದ ಪಟ್ಟಿಯೊಂದರ ಮೇಲೆ ತೂತಿನ ಗುರುತು ಹಾಕಿಕೊಳ್ಳಿ. ತಲೆಯಿಂದ ಅಳೆದರೆ 1.5, 6.4, 7.6, 13.4, 14.6, 20.4, 21.6, 26.5 ಸೆಂ.ಮೀ. ಒಟ್ಟು ಎಂಟು. ಮೊದಲನೆಯದೂ ಕೊನೆಯದೂ ತುದಿಗಂಟಿನ ತೂತು, ನಡುವಿನ ಮೂರು ಜೋಡಿ ಲಾಡಿಯದು. ಈ ಪಟ್ಟಿಯನ್ನು ಸೆಕ್ಷನ್ನಿನ ಒಳಮಡಿಕೆಯಲ್ಲಿ ಕೂರಿಸಿ, ಮರದ ಹಿಡಿಯ ಮೊನಚು ಸೂಜಿಯಿಂದ ಒಳಗಿನಿಂದ ಹೊರಕ್ಕೆ, ಮಡಿಕೆಯ ಗೆರೆಯ ಮೇಲೇ ಬರುವಂತೆ ಚುಚ್ಚಿ. ಗೋಣಿ ಹೊಲಿಯುವ ದಬ್ಬಣ ದಪ್ಪವಾಯಿತು. ತೂತು ದಾರದಷ್ಟೇ ಇರಬೇಕು. ದೊಡ್ಡದಾದರೆ ಬೆನ್ನಿಗೆ ಬಳಿಯುವ ಅಂಟು ಒಳಪುಟಕ್ಕೆ ಇಳಿಯುತ್ತದೆ. ಎಂಟು ಸೆಕ್ಷನ್ನಿಗೂ ಅದೇ ಪಟ್ಟಿ, ಅದೇ ತಲೆ ಮೇಲೆ. ತಲೆಕೆಳಗಾಗದಿರಲು ಪ್ರತಿ ಸೆಕ್ಷನ್ನಿನ ತಲೆಯಲ್ಲಿ ಪೆನ್ಸಿಲಿನ ಸಣ್ಣ ಗುರುತು ಮಾಡಿ.

ಮೊದಲ ಸೆಕ್ಷನ್ ಮೇಜಿನ ಅಂಚಿಗಿಟ್ಟು, ಲಾಡಿಗಳನ್ನು ಮೇಜಿನ ಅಂಚಿಗೆ ಟೇಪಿನಿಂದ ಹಿಡಿಸಿ. ಒಂದನೆಯ ತೂತಿನಿಂದ ಸೂಜಿ ಒಳಗೆ ಹೋಗಿ, ಎರಡರಲ್ಲಿ ಹೊರಬಂದು, ಲಾಡಿಯನ್ನು ದಾಟಿ, ಮೂರರಲ್ಲಿ ಒಳಗೆ. ನಾಲ್ಕರಲ್ಲಿ ಹೊರಗೆ, ಐದರಲ್ಲಿ ಒಳಗೆ. ಹೀಗೆ ಎಂಟರಲ್ಲಿ ಹೊರಬರುತ್ತದೆ. ಶುರುವಿನಲ್ಲಿ 10 ಸೆಂ.ಮೀ. ಬಾಲ ಬಿಟ್ಟಿರಲಿ. ಎರಡನೆಯ ಸೆಕ್ಷನ್ ಮೇಲಿಟ್ಟು ಅದರ ಎಂಟನೆಯ ತೂತಿನಿಂದ ಒಳಹೊಕ್ಕು ಹಿಂದಕ್ಕೆ ಬನ್ನಿ. ಒಂದರಲ್ಲಿ ಹೊರಬಂದಾಗ ಆ ಬಾಲಕ್ಕೆ ಎರಡು ಗಂಟು ಹಾಕಿ. ಮೂರನೆಯದರಿಂದ ತುದಿಗಂಟು ಶುರು. ತುದಿಯಲ್ಲಿ ಹೊರಬಂದ ಸೂಜಿಯನ್ನು ಕೆಳಗಿನ ಎರಡು ಸೆಕ್ಷನ್‌ಗಳ ನಡುವೆ, ಅವುಗಳನ್ನು ಕೂಡಿಸಿದ ದಾರದ ಅಡಿ ತೂರಿಸಿ, ಉಂಟಾದ ಕುಣಿಕೆಯೊಳಗಿಂದ ಎಳೆದು, ಮುಂದಿನ ಸೆಕ್ಷನ್ನಿಗೆ ಏರಿ.

ಬಿಗಿ ಮಾಡುವಾಗ ದಾರವನ್ನು ಬೆನ್ನಿನ ಉದ್ದಕ್ಕೆ, ಹೊಲಿಗೆ ಸಾಗುವ ದಿಕ್ಕಿಗೇ ಎಳೆಯಿರಿ. ನೇರ ನಿಮ್ಮ ಕಡೆಗೆ ಎಳೆದರೆ ತೂತು ಸೀಳಿ ಒಂದು ಗೆರೆಯಾಗುತ್ತದೆ, ಆ ಮಡಿಕೆ ಹೋಯಿತೆಂದೇ ಲೆಕ್ಕ. ಒಂದು ಸಲಕ್ಕೆ ಒಂದೂವರೆ ಮೀಟರಿಗಿಂತ ಹೆಚ್ಚು ದಾರ ಹಿಡಿಯಬೇಡಿ. ತೂತುಗಳಲ್ಲಿ ಉಜ್ಜಿ ಉಜ್ಜಿ ಸೊರಗುತ್ತದೆ. ಹೊಸ ದಾರ ಜೋಡಿಸಲು ನೇಕಾರರ ಗಂಟು ಹಾಕಿ, ಗಂಟು ಬೆನ್ನಿನ ಹೊರಗಡೆ ಇರಲಿ. ಶಿಡ್ಲಘಟ್ಟದ ರೀಲಿಂಗ್ ಘಟಕಗಳಲ್ಲಿ ತುಂಡಾದ ಎಳೆಯನ್ನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕೂಡಿಸುವ ಕೈಗಳಿವೆ, ಹತ್ತಿರದಲ್ಲಿದ್ದರೆ ಅವರಿಂದ ಕಲಿಯುವುದೇ ಸುಲಭ.

ಹೊಲಿದಾದ ಮೇಲೆ ಎಂಡ್ ಪೇಪರುಗಳನ್ನು ಬೆನ್ನಿನ ಅಂಚಿನಲ್ಲಿ 3 ಮಿ.ಮೀ. ಅಂಟಿನ ಗೆರೆಯಿಂದ ಹಿಡಿಸಿ. ಬೆನ್ನು ಕುಟ್ಟಿ ಸಮ ಮಾಡಿ, ಎರಡು ಹಲಗೆಗಳ ನಡುವೆ ಇಟ್ಟು, ಮೇಲೆ ಕಾಗದ ಸುತ್ತಿದ ನಾಲ್ಕು ಇಟ್ಟಿಗೆ ಹೇರಿ, ಬೆನ್ನಿಗೆ ತೆಳುವಾಗಿ ಅಂಟು ಬಳಿಯಿರಿ. ಅದರ ಮೇಲೆ 26 ಸೆಂ.ಮೀ. ಎತ್ತರದ ತೆಳು ಮಸ್ಲಿನ್ ಬಟ್ಟೆ, ಎರಡೂ ಪಕ್ಕಕ್ಕೆ 3 ಸೆಂ.ಮೀ. ಚಾಚಿಕೊಂಡಿರಲಿ. ರಾತ್ರಿಯಿಡೀ ಬಿಡಿ.

ಅಂಟು

ನಮ್ಮ ಕಡೆ ಹಳೆಯ ಬೈಂಡರುಗಳು ಮೈದಾ ಗಂಜಿಗೆ ಮೈಲುತುತ್ತ ಬೆರೆಸುತ್ತಿದ್ದರು, ಹುಳ ಬಾರದಿರಲೆಂದು. ಹುಳ ದೂರವಿರುವುದು ನಿಜ. ಆದರೆ ಅದು ತಾಮ್ರದ ಲವಣ. ತಾಮ್ರದ ಅಂಶ ಕಾಗದದ ಎಳೆಯನ್ನು ಬೇಗ ಕೆಡಿಸುತ್ತದೆ, ಜೊತೆಗೆ ವಿಷ. ಪುಟಗಳಿಗೆ ತಾಗುವ ಯಾವ ಅಂಟಿಗೂ ಬೆರೆಸಬೇಡಿ. ಅಂಗಡಿಯ ಬಿಳಿ ಪಿವಿಎ ಅಂಟು ಬೇಗ ಒಣಗುತ್ತದೆ, ಬಾಗುತ್ತದೆ. ಬೆನ್ನಿಗೆ ಆಮ್ಲರಹಿತ ಎಂದು ನಮೂದಿಸಿದ್ದನ್ನು ಬಳಸಿ. ಒಂದು ಸಲ ಒಣಗಿದರೆ ನೀರಿಗೆ ಬಿಡುವುದಿಲ್ಲ ಎನ್ನುವುದೇ ಅದರ ಗುಣ, ಅದೇ ಅದರ ದೋಷ. ಉಳಿದೆಲ್ಲ ಕಡೆ ಗೋಧಿ ಗಂಜಿಯೇ ಮೇಲು.

ಹಲ್ವಕ್ಕೆ ಗೋಧಿ ಹಾಲು ತೆಗೆಯುವ ಕ್ರಮವೇ ಇಲ್ಲಿಯೂ. ಕಾಲು ಕೆಜಿ ಮೈದಾ ಗಟ್ಟಿಯಾಗಿ ಕಲಸಿ, ಅರ್ಧ ಗಂಟೆ ನೆನೆಯಲು ಬಿಟ್ಟು, ಪಾತ್ರೆಯ ನೀರಿನಲ್ಲಿ ಹಿಚುಕುತ್ತ ತೊಳೆಯಿರಿ. ಹಾಲು ನೀರಿಗಿಳಿಯುತ್ತದೆ, ಕೈಯಲ್ಲಿ ರಬ್ಬರಿನಂಥ ಜಿಗುಟು ಉಳಿಯುತ್ತದೆ. ಹುಳಕ್ಕೆ ಪ್ರಿಯವಾದದ್ದೂ ಕಾಗದವನ್ನು ಒರಟು ಮಾಡುವುದೂ ಆ ಜಿಗುಟೇ, ಅದನ್ನು ಎಸೆಯಿರಿ. ಹಾಲನ್ನು ರಾತ್ರಿ ಇಟ್ಟರೆ ಪಿಷ್ಟ ತಳಕ್ಕೆ ಕೂರುತ್ತದೆ. ಮೇಲಿನ ನೀರು ಚೆಲ್ಲಿ, ಒಂದು ಲೋಟ ಪಿಷ್ಟಕ್ಕೆ ನಾಲ್ಕು ಲೋಟ ನೀರಿನಂತೆ ಸೇರಿಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ಇಪ್ಪತ್ತು ನಿಮಿಷ ತಿರುವಿ. ಬಿಳುಪು ಹೋಗಿ ಗಾಜಿನ ಹಾಗೆ ಪಾರಕವಾದಾಗ ಇಳಿಸಿ, ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ. ಬೇಯುವುದು ಸಾಲದಿದ್ದರೆ ಒಣಗಿದ ಮೇಲೆ ಪುಡಿಯಾಗಿ ಉದುರುತ್ತದೆ. ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ. ಹುಳಿ ವಾಸನೆ ಬಂದರೆ ಚೆಲ್ಲಿ ಹೊಸದು ಮಾಡಿ.

ಹುಣಸೆ ಬೀಜದ ಅಂಟನ್ನೂ ಕೆಲವರು ಕೇಳುತ್ತಾರೆ. ಹಿಂದೆ ಕನ್ನಡ ನಾಡಿನಲ್ಲಿ ಲೆಕ್ಕಪತ್ರ ಬರೆಯುತ್ತಿದ್ದ ಕಡತಗಳು ಬಟ್ಟೆಗೆ ಹುಣಸೆ ಬೀಜದ ಸರಿ, ಇದ್ದಿಲ ಪುಡಿ ಹಚ್ಚಿ, ಮಡಿಕೆ ಮಡಿಕೆಯಾಗಿ ಮಾಡಿದ ಕಪ್ಪು ಪುಸ್ತಕಗಳು. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಬಟ್ಟೆ ಗಡುಸಾಗಲು ಅದು ಸರಿ. ಬಿಳಿ ಕಾಗದಕ್ಕೆ ಕಂದು ಛಾಯೆ ಬಿಡುವುದರಿಂದ ಇಲ್ಲಿ ಬೇಡ.

ರಟ್ಟು, ಹೊದಿಕೆ

ಗ್ರೇ ಬೋರ್ಡ್ 2.5 ಮಿ.ಮೀ. ದಪ್ಪದ್ದು, 28.6×18.6 ಸೆಂ.ಮೀ. ಎರಡು ತುಂಡು. ಬೆನ್ನಿನ ಪಟ್ಟಿಯ ಅಗಲವನ್ನು ಕಾಗದದ ಲೆಕ್ಕದಿಂದ ಹಿಡಿಯಬೇಡಿ. ಹೊಲಿದು ಒಣಗಿದ ಪುಸ್ತಕವನ್ನೇ ಅಳೆದು, ಅದಕ್ಕೆ ಎರಡು ರಟ್ಟಿನ ದಪ್ಪ ಸೇರಿಸಿ. ಈ ಪುಸ್ತಕದ ಬೆನ್ನು 2.4 ಸೆಂ.ಮೀ. ಆಸುಪಾಸು ಬರುತ್ತದೆ, ಪಟ್ಟಿ 2.9. ಬೆನ್ನಿನ ಪಟ್ಟಿಗೂ ರಟ್ಟಿಗೂ ನಡುವೆ ಎರಡೂ ಕಡೆ 8 ಮಿ.ಮೀ. ಸಂದು ಬಿಡಿ. ಸಂದು ಕಿರಿದಾದರೆ ರಟ್ಟು ತೆರೆಯುವಾಗ ಎಂಡ್ ಪೇಪರನ್ನು ಹಿಡಿದೆಳೆದು ಹರಿಯುತ್ತದೆ. ಅಗಲವಾದರೆ ಪುಸ್ತಕ ಜೋಲುತ್ತದೆ. ಸುತ್ತ 1.8 ಸೆಂ.ಮೀ. ಮಡಿಸಲು ಬಿಟ್ಟರೆ ಬಟ್ಟೆ 46×33 ಸೆಂ.ಮೀ. ಬೇಕು. ಮೂಲೆಗಳನ್ನು ಓರೆಯಾಗಿ ಕತ್ತರಿಸುವಾಗ ರಟ್ಟಿನ ತುದಿಯಿಂದ 4 ಮಿ.ಮೀ. ಬಿಡಿ. ಕಮ್ಮಿ ಬಿಟ್ಟರೆ ಮೂಲೆಯಲ್ಲಿ ರಟ್ಟು ಇಣುಕುತ್ತದೆ.

ಹೊದಿಕೆಗೆ ಕೈಮಗ್ಗದ ಗಟ್ಟಿ ಹತ್ತಿ ಬಟ್ಟೆಯೇ ಹೆಚ್ಚು ಬಾಳುವುದು. ರೇಷ್ಮೆಯ ಸೀಮೆಯಲ್ಲಿದ್ದು ರೇಷ್ಮೆ ಬೇಡವೆನ್ನಲು ಮನಸ್ಸು ಬರುವುದಿಲ್ಲ, ಸರಿ. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯ ಮಗ್ಗದ ತುಂಡೊಂದು ಸಿಕ್ಕರೆ ಮದುವೆ ಪುಸ್ತಕಕ್ಕೆ ಅದಕ್ಕಿಂತ ಒಪ್ಪುವಂಥದ್ದಿಲ್ಲ. ಆದರೆ ರೇಷ್ಮೆಯ ಮೇಲೆ ನೇರವಾಗಿ ಗಂಜಿ ಬಳಿದರೆ ಮುಂಭಾಗಕ್ಕೆ ಒಸರಿ ಕಲೆಯಾಗುತ್ತದೆ. ಮೊದಲು ಬಟ್ಟೆಯನ್ನು ಗಾಜಿನ ಮೇಲೆ ಬೆನ್ನು ಮೇಲಾಗಿ ಹರಡಿ, ನೀರು ಚಿಮುಕಿಸಿ, ಎಳೆಗಳನ್ನು ನೇರ ಮಾಡಿ. ತೆಳು ಜಪಾನಿ ಟಿಶ್ಯೂ ಕಾಗದಕ್ಕೆ ತಿಳಿ ಗಂಜಿ ಬಳಿದು ಅದನ್ನು ಬಟ್ಟೆಯ ಮೇಲೆ ಇಳಿಸಿ, ಒಣಗಿದ ಮೇಲೆ ಎಬ್ಬಿಸಿ. ಈ ಟಿಶ್ಯೂವನ್ನು ‘ಮಲ್ಬರಿ ಕಾಗದ’ ಎಂದು ಮಾರುತ್ತಾರೆ. ನಮ್ಮ ಹೊಲದ ಹಿಪ್ಪುನೇರಳೆಯಲ್ಲ ಅದು, ಅದೇ ಕುಟುಂಬದ ಬೇರೊಂದು ಮರದ ತೊಗಟೆ.

ಅಜ್ಜಿಯ ಧಾರೆ ಸೀರೆಯ ತುಂಡು ಹಾಕಬೇಕೆಂಬ ಆಸೆ ಹಲವರಿಗೆ. ಹಾಕಿ, ಆದರೆ ಇಡೀ ರಟ್ಟಿಗೆ ಹೊದಿಸಬೇಡಿ. ಹಳೆಯ ರೇಷ್ಮೆ ಮಡಿಕೆಯಲ್ಲಿ ಸೀಳುತ್ತದೆ, ಪುಸ್ತಕದ ಸಂದಿನಲ್ಲಿ ದಿನವೂ ಮಡಿಕೆಯೇ. ಮುಂದಿನ ರಟ್ಟನ್ನು 1.5 ಮಿ.ಮೀ. ಮತ್ತು 1 ಮಿ.ಮೀ. ಎರಡು ಪದರವಾಗಿ ಮಾಡಿ, ಮೇಲಿನ ಪದರದಲ್ಲಿ 8×8 ಸೆಂ.ಮೀ. ಕಿಟಕಿ ಕತ್ತರಿಸಿಕೊಳ್ಳಿ. ಹೊದಿಕೆ ಬಟ್ಟೆಯನ್ನು ಕಿಟಕಿಯೊಳಕ್ಕೆ ಒತ್ತಿ ಕೂರಿಸಿದ ಮೇಲೆ, ಟಿಶ್ಯೂ ಹಚ್ಚಿದ ಸೆರಗಿನ ತುಂಡನ್ನು ಆ ಗುಳಿಯಲ್ಲಿ ಅಂಟಿಸಿ. ಮೇಜಿನ ಮೇಲೆ ಎಳೆದಾಡಿದರೂ ಜರಿ ಉಜ್ಜುವುದಿಲ್ಲ, ರಟ್ಟಿನ ಅಂಚು ತಡೆಯುತ್ತದೆ.

ಪುಸ್ತಕವನ್ನು ರಟ್ಟಿನೊಳಗೆ ಕೂರಿಸುವಾಗ ಎಂಡ್ ಪೇಪರಿನ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಸೇರಿಸಿ, ತೇವ ಒಳಪುಟಕ್ಕೆ ಇಳಿಯಬಾರದು. ಲಾಡಿ, ಮಸ್ಲಿನ್ ಎರಡನ್ನೂ ಮೊದಲು ಅಂಟಿಸಿ, ಮೇಲೆ ಎಂಡ್ ಪೇಪರ್. ಬೆನ್ನಿಗೂ ಬೆನ್ನಿನ ಪಟ್ಟಿಗೂ ನಡುವೆ ಅಂಟು ಹಾಕಬೇಡಿ. ಆ ಟೊಳ್ಳು ಇದ್ದರೇ ಪುಸ್ತಕ ಅಂಗೈಯಂತೆ ಚಪ್ಪಟೆಯಾಗಿ ತೆರೆಯುವುದು. ತೂಕ ಹೇರಿ, ಅರ್ಧ ಗಂಟೆಯಾದ ಮೇಲೆ ಒಮ್ಮೆ, ಮೂರು ಗಂಟೆಯಾದ ಮೇಲೆ ಇನ್ನೊಮ್ಮೆ ಹೀರುಕಾಗದ ಬದಲಿಸಿ, ಆಮೇಲೆ ಮೂರು ದಿನ ಮುಟ್ಟಬೇಡಿ. ನಮ್ಮ ಬಯಲುಸೀಮೆಯ ಒಣ ಹವೆಯಲ್ಲಿ ಆಗುವ ಮುಖ್ಯ ತೊಂದರೆ ರಟ್ಟು ಹೊರಕ್ಕೆ ಬಾಗುವುದು. ಹೊರಗಿನ ಬಟ್ಟೆ ಒಣಗುತ್ತ ಎಳೆಯುತ್ತದೆ, ಒಳಗಿನ ಕಾಗದದ ಎಳೆತ ಅದಕ್ಕೆ ಸಾಟಿಯಾಗಿರಬೇಕು. ಎಂಡ್ ಪೇಪರಿಗೆ ಅಂಟು ಒಂದೇ ಸಮನಾಗಿ ಬಳಿಯುವುದು, ಕಿಟಕಿ ಮುಚ್ಚಿ ಫ್ಯಾನ್ ಆರಿಸಿ ಕೆಲಸ ಮಾಡುವುದು, ತೂಕದಡಿ ನಿಧಾನವಾಗಿ ಒಣಗಿಸುವುದು ಇದಕ್ಕೆ ಮದ್ದು. ಬಿಸಿಲಿಗಿಟ್ಟರೆ ಹಪ್ಪಳದಂತಾಗುತ್ತದೆ.

ಹೊಸ ಪುಸ್ತಕವನ್ನು ಏಕಾಏಕಿ ನಡುವೆ ತೆರೆಯಬೇಡಿ. ಮೇಜಿನ ಮೇಲೆ ಬೆನ್ನು ಊರಿ ನಿಲ್ಲಿಸಿ, ಮುಂದಿನಿಂದ ಹತ್ತು ಎಲೆ, ಹಿಂದಿನಿಂದ ಹತ್ತು ಎಲೆ ಸರದಿಯಾಗಿ ಬಗ್ಗಿಸುತ್ತ ನಡುವಿಗೆ ಬನ್ನಿ.

ಪೆನ್ನು

ಬಾಲ್ ಪೆನ್ನಿನ ಬಣ್ಣ ಬೆಳಕಿಗೆ ಮಾಸುವಂಥದ್ದು, ಸ್ಕೆಚ್ ಪೆನ್ನು ಹಿಂದಿನ ಪುಟಕ್ಕೆ ಇಳಿಯುತ್ತದೆ, ಹೊಳೆಯುವ ಜೆಲ್ ಪೆನ್ನು ಒಣಗುವ ಮುನ್ನ ಸೀರೆಯ ಸೆರಗಿಗೆ ಒರಸಿಕೊಳ್ಳುತ್ತದೆ. ಪಿಗ್ಮೆಂಟ್ ಇಂಕ್ ಎಂದು ನಮೂದಿಸಿದ, 0.5 ಮಿ.ಮೀ. ಮೊನೆಯ ಕಪ್ಪು ಪೆನ್ನು ಆರು ತನ್ನಿ. ಹತ್ತನೆಯ ಹಾಳೆಯ ತುಂಡಿನ ಮೇಲೆ ಬರೆದು, ಒಂದು ಗಂಟೆ ಬಿಟ್ಟು ನೀರಿನ ಹನಿ ಹಾಕಿ, ಕದಡಬಾರದು. ಇನ್ನೊಂದು ಸಾಲಿನ ಅರ್ಧವನ್ನು ರಟ್ಟಿನಿಂದ ಮುಚ್ಚಿ ಹತ್ತು ದಿನ ಕಿಟಕಿಯ ಬಿಸಿಲಿಗಿಡಿ. ಎರಡರ್ಧಕ್ಕೂ ವ್ಯತ್ಯಾಸ ಕಾಣಬಾರದು. ಪೆನ್ನನ್ನು ಪುಸ್ತಕಕ್ಕೆ ದಾರ ಕಟ್ಟಿ ತೂಗಬೇಡಿ, ಎಳೆದಾಟಕ್ಕೆ ಹೊಲಿಗೆ ಸಡಿಲವಾಗುತ್ತದೆ.

ಛತ್ರದಲ್ಲಿ

ಬಾಗಿಲಲ್ಲೇ ಪನ್ನೀರು, ಗಂಧ, ಕಲ್ಲುಸಕ್ಕರೆ. ಅಲ್ಲಿ ಪುಸ್ತಕವಿಟ್ಟರೆ ಮೊದಲ ಗಂಟೆಯಲ್ಲೇ ಒದ್ದೆ ಬೆರಳಿನ ಗುರುತು. ಊಟದ ಮನೆಯ ಬಾಗಿಲೂ ಬೇಡ, ಕೈ ತೊಳೆದು ಒರಸಿಕೊಳ್ಳದೆ ಬರುತ್ತಾರೆ. ಮುಯ್ಯಿ ಮೇಜಿನ ಪಕ್ಕಕ್ಕೇ ಅಂಟಿಕೊಂಡಿದ್ದರೆ ಕೆಲವರು ಹೆಸರಿನ ಮುಂದೆ 501 ಎಂದು ಬರೆದು ಹೋಗುತ್ತಾರೆ. ಆರತಕ್ಷತೆಯ ಸಂಜೆ, ವೇದಿಕೆಯ ಸಾಲು ಶುರುವಾಗುವ ಜಾಗಕ್ಕೆ ಸ್ವಲ್ಪ ಮುಂಚೆ, ಎರಡು ಕುರ್ಚಿ ಹಾಕಿ ಇಡುವುದು ಸರಿಯಾದ ಜಾಗ. ಜೊತೆಗೆ ಮನೆಯ ಹುಡುಗಿಯೋ ಹುಡುಗನೋ ಒಬ್ಬರು ಕೂತಿರಲಿ, ಪಕ್ಕದಲ್ಲಿ ಒಣ ಬಟ್ಟೆಯಿರಲಿ. ಮುಂದಿನ ಸಾಲಿನಲ್ಲಿ ಕೂತ ಹಿರಿಯರ ಹತ್ತಿರ ಪುಸ್ತಕವನ್ನು ಹಲಗೆಯ ಮೇಲಿಟ್ಟು ಒಯ್ಯಬೇಕು. ಅವರನ್ನು ಮೇಜಿಗೆ ಕರೆಯಬಾರದು.

ಬಲಗಡೆ ಪುಟದಲ್ಲಿ ಮಾತ್ರ ಬರಹ, ಪುಟಕ್ಕೆ ನಾಲ್ಕು ಮನೆ. ಶೀರ್ಷಿಕೆಯ ಪುಟವನ್ನೂ ಕೊನೆಯ ಸೆಕ್ಷನ್ನನ್ನೂ ಬಿಟ್ಟರೆ 220 ಮನೆಗಳವರು ಬರೆಯಬಹುದು. ಇನ್ನೂ ಹೆಚ್ಚು ಬೇಕಿದ್ದರೆ ಮೊದಲೇ ಎರಡು ಸೆಕ್ಷನ್ ಸೇರಿಸಿಕೊಳ್ಳಿ. ಗೆರೆ ಹಾಕಬೇಡಿ. ಕೋಲಾರ, ಬಾಗೇಪಲ್ಲಿ, ಪಾವಗಡದ ಕಡೆ ತೆಲುಗಿನಲ್ಲಿ ಬರೆಯುವವರಿರುತ್ತಾರೆ, ಕೆಜಿಎಫ್ ನೆಂಟರು ತಮಿಳಿನಲ್ಲಿ, ಉರ್ದುವಾದರೆ ಬಲದಿಂದ ಶುರು. ಬೆನ್ನಿನ ಕಡೆ 3 ಸೆಂ.ಮೀ., ಹೊರಗಡೆ 1.5 ಸೆಂ.ಮೀ. ಅಂಚು ಬಿಟ್ಟು, ಉಳಿದದ್ದು ಅವರವರ ಕೈಗೆ ಬಿಡಿ.

ಏನು ಬರೆಯಬೇಕೆಂದು ಯಾರಿಗೂ ಹೇಳಿಕೊಡಲಾಗದು, ಆದರೆ ಮೊದಲ ಬರಹ ಹೇಗಿರುತ್ತದೋ ಉಳಿದವರು ಹಾಗೆಯೇ ಬರೆಯುತ್ತಾರೆ. ಮೊದಲ ಪುಟದ ನಾಲ್ಕು ಬರಹಗಳನ್ನು ಮನೆಯವರಿಂದ ಹಿಂದಿನ ದಿನವೇ ಬರೆಸಿಡಿ: ಪೂರ್ತಿ ಹೆಸರು, ಊರು, ಯಾವ ಕಡೆಯವರು, ಏನಾಗಬೇಕು, ಆಮೇಲೆ ಒಂದು ನೆನಪಿನ ಮಾತು. ‘ಹೊಸಹಳ್ಳಿ ನಾರಾಯಣಪ್ಪ’ ಎಂದಷ್ಟೇ ಇದ್ದರೆ ಇಪ್ಪತ್ತು ವರ್ಷದ ನಂತರ ಯಾವ ಹೊಸಹಳ್ಳಿ ಎಂದು ಹುಡುಕುವುದು ಹೇಗೆ? ತಾಲ್ಲೂಕು ಬರೆಸಿ. ಜಿಲ್ಲೆ ಬದಲಾಗುತ್ತದೆ, 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ಮುನ್ನಿನ ಲಗ್ನಪತ್ರಿಕೆಗಳಲ್ಲಿ ಚಿಂತಾಮಣಿ, ಶಿಡ್ಲಘಟ್ಟವೆಲ್ಲ ಕೋಲಾರ ಜಿಲ್ಲೆಯೇ. ‘ಹುಡುಗಿಯ ಸೋದರತ್ತೆ, ಗೌರಿಬಿದನೂರು ತಾಲ್ಲೂಕು, ಇವಳಿಗೆ ಮೊದಲ ಜಡೆ ಹೆಣೆದದ್ದು ನಾನು’: ಇಂಥ ಒಂದು ಸಾಲಿಗಾಗಿ ಮೊಮ್ಮಕ್ಕಳು ಪುಸ್ತಕ ತೆರೆಯುತ್ತಾರೆ.

ಬರೆಯಲು ಬಾರದ ಹಿರಿಯರನ್ನು ದಾಟಿ ಹೋಗಬೇಡಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ, ತಿದ್ದದೆ ಬರೆದುಕೊಂಡು, ಕೆಳಗೆ ಬರೆದವರ ಹೆಸರು ಹಾಕಿ. ಹೆಬ್ಬೆಟ್ಟಿನ ಗುರುತು ಹಾಕುತ್ತೇನೆಂದರೆ ಪಿಗ್ಮೆಂಟ್ ಶಾಯಿಯ ಪ್ಯಾಡ್ ಇರಲಿ, ಜೊತೆಗೆ ಒರಸಿಕೊಳ್ಳಲು ಒದ್ದೆ ಬಟ್ಟೆ.

ಹೊಸ ಪುಸ್ತಕಕ್ಕೆ ಅರಿಶಿನ ಕುಂಕುಮ ಇಡುವುದು ವಾಡಿಕೆ. ಎಂಡ್ ಪೇಪರಿನ ಮೂಲೆಯಲ್ಲಿ, ಒಣ ಪುಡಿಯನ್ನು ಬೆರಳ ತುದಿಯಿಂದ ಒತ್ತಿ. ನೀರಿನಲ್ಲಿ ಕಲಸಿ ಇಟ್ಟರೆ ಕಾಗದ ಮುದುಡುತ್ತದೆ, ಕೃತಕ ಬಣ್ಣದ ಕುಂಕುಮ ಮುಂದೆಂದೋ ತೇವ ತಾಗಿದಾಗ ಪುಟದಾಚೆಗೂ ಹರಡುತ್ತದೆ.

ಮದುವೆಯ ನಂತರ

ಬೀಗರ ಔತಣ ಮುಗಿದ ವಾರದೊಳಗೆ ಪುಸ್ತಕ ತೆಗೆಯಿರಿ. ಮೆದು ಕುಂಚದಿಂದ ಒಂದೊಂದೇ ಮಡಿಕೆ ಗುಡಿಸಿ. ಅಕ್ಷತೆಯ ಅಕ್ಕಿಕಾಳು ಒಳಗುಳಿದರೆ ಹುಳಕ್ಕೆ ನೀವೇ ಊಟ ಬಡಿಸಿದಂತೆ. ಹೂವು, ವೀಳ್ಯದೆಲೆ, ನವಿಲುಗರಿ ಒಳಗಿಡಬೇಡಿ. ನಂತರ ಮನೆಯ ಹಿರಿಯರನ್ನು ಕೂರಿಸಿಕೊಂಡು, ಓದಲಾಗದ ಹೆಸರು, ಬಿಟ್ಟುಹೋದ ಊರು ಕೇಳಿ, ಎಡಪುಟದಲ್ಲಿ ಪೆನ್ಸಿಲಿನಿಂದ ಬರೆಯಿರಿ. ಈ ಕೆಲಸ ಮುಂದಕ್ಕೆ ಹಾಕಿದಷ್ಟೂ ಗೊತ್ತಿರುವವರು ಕಡಿಮೆಯಾಗುತ್ತಾರೆ. ಫೋನಿನಲ್ಲಿ ಪ್ರತಿ ಪುಟದ ಚಿತ್ರವನ್ನೂ ತೆಗೆದು ಮೂರು ಮನೆಗಳಿಗೆ ಕಳಿಸಿಡಿ.

ಫೋಟೋಗಳನ್ನು ಕಾಗದದ ಮೂಲೆಗಳಲ್ಲಿ ಸಿಕ್ಕಿಸಿ. ಸೆಲ್ಲೋ ಟೇಪು ಹಳದಿಯಾಗಿ ಜಿಗುಟು ಬಿಡುತ್ತದೆ, ಅಂಟು ಬಳಿದರೆ ಪುಟ ಸುಕ್ಕಾಗುತ್ತದೆ. ಲಗ್ನಪತ್ರಿಕೆಯನ್ನು ಹಿಂದಿನ ರಟ್ಟಿನ ಒಳಗೆ ಅದೇ ಕಾಗದದ ಲಕೋಟೆ ಮಾಡಿ ಅದರಲ್ಲಿಡಿ, ಬಣ್ಣ ಮತ್ತು ಮಿಂಚು ಪುಟಗಳಿಗೆ ತಾಗದಿರಲಿ.

ಪುಸ್ತಕವನ್ನು ಒಗೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮಲಗಿಸಿ ಇಡಿ. ಪ್ಲಾಸ್ಟಿಕ್ ಕವರಿನಲ್ಲಿ ತೇವ ಕಟ್ಟಿಕೊಳ್ಳುತ್ತದೆ. ಬೀರುವಿನ ತಳದ ಅರೆ ಬೇಡ, ಗೆದ್ದಲು ಮೊದಲು ಬರುವುದೇ ಅಲ್ಲಿಗೆ. ಮಳೆ ಹೊಡೆಯುವ ಗೋಡೆಗೆ ಒರಗಿದ ಬೀರುವೂ ಬೇಡ. ನೆರಳಲ್ಲಿ ಒಣಗಿಸಿದ ಬೇವಿನೆಲೆ, ಬಜೆ ಬೇರಿನ ಸಣ್ಣ ಗಂಟನ್ನು ಪಕ್ಕದಲ್ಲಿಟ್ಟು ವರ್ಷಕ್ಕೊಮ್ಮೆ ಬದಲಿಸಿ, ಪುಟಗಳ ನಡುವೆ ಮಾತ್ರ ಇಡಬೇಡಿ. ನುಸಿಗುಳಿಗೆ ರಟ್ಟಿಗೆ ತಾಗಬಾರದು. ನವರಾತ್ರಿಯಲ್ಲಿ ಪುಸ್ತಕಗಳನ್ನು ಪೂಜೆಗೆ ತೆಗೆಯುತ್ತೀರಿ, ಆದರೆ ನಮ್ಮ ಕಡೆ ಹೆಚ್ಚು ಮಳೆಯ ಕಾಲವೂ ಅದೇ. ಗಾಳಿಗೆ ಬಿಚ್ಚಿಡಲು ಸಂಕ್ರಾಂತಿಯ ಒಣ ಹವೆ ಒಳ್ಳೆಯದು: ನೆರಳಲ್ಲಿ ಎರಡು ಗಂಟೆ, ಎಲೆಗಳನ್ನು ಬೀಸಣಿಗೆಯಂತೆ ಬಿಡಿಸಿ.

ಖಾಲಿ ಬಿಟ್ಟ ಕೊನೆಯ ಸೆಕ್ಷನ್ ಸೀಮಂತ, ನಾಮಕರಣಕ್ಕೆ. ಹೊಸ ಎಲೆಯಲ್ಲಿ ತಾರೀಖು ಹಾಕಿ ಅದೇ ಪೆನ್ನಿನಲ್ಲಿ ಮುಂದುವರಿಸಿ. ಅದರ ಕಟ್ಟಕಡೆಯ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಇಷ್ಟನ್ನು ಬರೆದಿಡಿ: ಹತ್ತಿ ಕಾಗದ 150 ಜಿಎಸ್‌ಎಂ, ಲಿನನ್ ದಾರ, ಮೂರು ಲಾಡಿ, ಬೆನ್ನಿಗೆ ಪಿವಿಎ, ಉಳಿದೆಡೆ ಗೋಧಿ ಗಂಜಿ, ಕಟ್ಟಿದ ವರ್ಷ. ಮುಂದೊಂದು ದಿನ ಹೊದಿಕೆ ಸವೆದು ಪುಸ್ತಕ ಬೈಂಡರ್ ಕೈ ಸೇರಿದಾಗ, ಎಲ್ಲಿ ಒದ್ದೆ ಬಟ್ಟೆ ಇಟ್ಟರೆ ರಟ್ಟು ಬಿಡುತ್ತದೆ, ಎಲ್ಲಿ ಚೂರಿ ತಾಗಿಸಬಾರದು ಎಂಬುದು ಅವರಿಗೆ ಅದರಿಂದಲೇ ತಿಳಿಯುತ್ತದೆ.